ಟ್ಯೂಬ್‌ಲೈಟಿನ ಗೆರೆ ನೋಡಿ ಆರಿಸಿದ ಟೀವಿ

ಹೆಂಡತಿಗೆ ನಾನು ಹೇಳಿದ ಸುಳ್ಳುಗಳಲ್ಲಿ ಹೆಚ್ಚಿನವು ಅಂದೇ ಸಂಜೆಯೊಳಗೆ ಅವಳಿಗೆ ಗೊತ್ತಾಗಿಬಿಡುತ್ತಿದ್ದವು. ಒಂದು ಮಾತ್ರ ಏಳು ವರ್ಷ ಉಳಿಯಿತು. ಒಂದು ಟೀವಿಯ ವಿಷಯ. ಕೇಳಿದವರಿಗೆ ಸಣ್ಣದು ಅನ್ನಿಸಬಹುದು. ನನಗೆ ಅದು ಸಣ್ಣದಾಗಿರಲಿಲ್ಲ.

ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ನಾಗಸಂದ್ರದ ನಮ್ಮ ಮನೆಯ ಬಚ್ಚಲಲ್ಲಿ ಅವಳು ಜಾರಿ ಬಿದ್ದು ಬೆನ್ನುಮೂಳೆಗೆ ಪೆಟ್ಟು ಮಾಡಿಕೊಂಡಳು. ಮೂರು ತಿಂಗಳು ಅಂಗಾತ ಮಲಗಿರಬೇಕು, ಕತ್ತು ಹೊರಳಿಸಿ ಹಿಂದೆ ನೋಡುವುದೂ ಬೇಡ ಎಂದರು ಡಾಕ್ಟರು. ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಸೊಪ್ಪು ಬಿಡಿಸುತ್ತ, ಹೋಗುವ ಬರುವವರನ್ನೆಲ್ಲ ಮಾತಾಡಿಸುತ್ತಿದ್ದ ಹೆಂಗಸು ಅವಳು. ನಡುಮನೆಗೆ ಮಂಚ ತಂದು ಹಾಕಿದೆವು. ಬೀದಿಯ ಕಡೆಯ ಕಿಟಕಿ ಅವಳ ತಲೆಯ ಹಿಂದೆ ಬಂತು. ಬೇರೆ ರೀತಿ ಹಾಕಲು ಜಾಗವಿರಲಿಲ್ಲ.

ಹಳೆಯ ಡಬ್ಬಾ ಟೀವಿ ಆಗಲೇ ಕೆಟ್ಟಿತ್ತು. ಹೊಸದು ತರುತ್ತೇನೆ ಎಂದಾಗ ಅವಳು ಕೇಳಿದ್ದು ಒಂದೇ.

"ದೊಡ್ಡದು ಬೇಡ ಕಣ್ರೀ. ಹಗಲೊತ್ತು ಕಿಟಕಿ ತೆಗೆದಿದ್ರೂ ಕಾಣೋವಂಥದ್ದು ತನ್ನಿ. ಕತ್ತಲೇಲಿ ಮಲಗಿದ್ರೆ ನಂಗೆ ಉಸಿರು ಕಟ್ಟುತ್ತೆ."

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಪೀಣ್ಯದ ಕಾರ್ಖಾನೆ ಸೇರಿದವನು. ಮೂವತ್ತು ವರ್ಷ ಮಾಡಿದ್ದು ಇನ್‌ಸ್ಪೆಕ್ಷನ್ ಕೆಲಸ. ಗ್ರೈಂಡಿಂಗ್ ಆಗಿ ಬಂದ ಕಬ್ಬಿಣದ ಪ್ಲೇಟನ್ನು ಅಳತೆಗೆ ಇಡುವ ಮೊದಲು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಓರೆಯಾಗಿ ನೋಡುತ್ತಿದ್ದೆವು. ಲೈಟಿನ ಪ್ರತಿಬಿಂಬ ಎಳೆದ ದಾರದ ಹಾಗೆ ನೆಟ್ಟಗೆ ಕಂಡರೆ ಮಾಲು ಒಳ್ಳೆಯದು. ಗೆರೆ ಕದಡಿದರೆ ವಾಪಸ್. ಸ್ಟೀಲ್ ತಟ್ಟೆ ಕೊಳ್ಳುವಾಗಲೂ ನಾನು ಹಾಗೆಯೇ ನೋಡುತ್ತಿದ್ದೆ, ಅಂಗಡಿಯವರು ನಗುತ್ತಿದ್ದರು.

ಟೀವಿ ಅಂಗಡಿಯಲ್ಲಿ ನನ್ನ ಕೈಯಲ್ಲಿದ್ದ ದುಡ್ಡಿಗೆ ಎರಡು ಸಿಗುತ್ತಿದ್ದವು. ಮೂವತ್ತೆರಡು ಇಂಚಿನ ಎಲ್‌ಸಿಡಿ, ಇಲ್ಲವೇ ನಲವತ್ತೆರಡು ಇಂಚಿನ ಪ್ಲಾಸ್ಮಾ. ಅಂಗಡಿಯ ಹುಡುಗ ಮೊದಲೇ ಕೇಳಿದ, "ಸಾರ್, ಟೀವಿ ಇಡೋ ರೂಮಲ್ಲಿ ಬೆಳಕು ಜಾಸ್ತಿನಾ?"

"ಜಾಸ್ತಿ. ಎದುರಿಗೇ ಕಿಟಕಿ."

"ಹಂಗಾದ್ರೆ ಕಣ್ಮುಚ್ಚಿಕೊಂಡು ಎಲ್‌ಸಿಡಿ ತಗೊಳ್ಳಿ. ಪ್ಲಾಸ್ಮಾ ಗಾಜು ಸಾರ್. ಹಗಲೊತ್ತು ಅದ್ರಲ್ಲಿ ನಿಮ್ಮ ಮುಖಾನೇ ಕಾಣುತ್ತೆ. ಕರೆಂಟೂ ಜಾಸ್ತಿ ತಿನ್ನುತ್ತೆ."

ಇಷ್ಟು ಸ್ಪಷ್ಟವಾಗಿ ಹೇಳಿದ. ನಾನು ಎರಡನ್ನೂ ಆಫ್ ಮಾಡಿಸಿದೆ. ಬಗ್ಗಿ ಓರೆಯಾಗಿ ನೋಡಿದೆ. ಪ್ಲಾಸ್ಮಾದ ಗಾಜಿನಲ್ಲಿ ಅಂಗಡಿಯ ಟ್ಯೂಬ್‌ಲೈಟು ಈ ತುದಿಯಿಂದ ಆ ತುದಿಗೆ ಒಂದೇ ಗೆರೆ. ಎಲ್‌ಸಿಡಿಯಲ್ಲಿ ಬೂದಿ ಎರಚಿದಂತೆ ಮಬ್ಬು.

"ನೋಡಪ್ಪ, ಫಿನಿಶ್ ಅಂದ್ರೆ ಇದು," ಎಂದೆ.

"ಸಾರ್, ಟೀವೀನ ಆನ್ ಮಾಡಿ ನೋಡ್ಬೇಕು. ಆಫ್ ಮಾಡಿ ಅಲ್ಲ," ಎಂದ ಅವನು.

ಫಿನಿಶ್ ಒಂದೇ ಕಾರಣ ಎಂದರೆ ಅದೂ ಸುಳ್ಳಾಗುತ್ತದೆ. ಪ್ಲಾಸ್ಮಾದಲ್ಲಿ ಕ್ರಿಕೆಟ್ ಚೆಂಡು ಹಿಂದೆ ಮಸುಕಿನ ಬಾಲ ಬಿಡದೆ ಓಡುತ್ತಿತ್ತು. ಭಾನುವಾರ ಸಂಜೆ ಕಾರ್ಖಾನೆಯ ಗೆಳೆಯರು ಬಂದು ನಲವತ್ತೆರಡು ಇಂಚಿನ ಮುಂದೆ ಕೂರುವುದು ಆಗಲೇ ನನ್ನ ಕಣ್ಣಿಗೆ ಬಂದಿತ್ತು. ಮಂಚದ ಮೇಲಿದ್ದವಳು ಕಣ್ಣಿಗೆ ಬರಲಿಲ್ಲ.

ಮನೆಗೆ ತಂದು, ಅವಳ ಕಣ್ಣಿನ ಮಟ್ಟಕ್ಕೆ ತಗ್ಗು ಮೇಜಿನ ಮೇಲೆ ಕೂರಿಸಿ ಹೇಳಿದೆ, "ಎಲ್‌ಸಿಡಿ ಹಗಲು ಕಾಣಲ್ವಂತೆ ಕಣೇ. ಅಂಗಡಿಯವನೇ ಪ್ಲಾಸ್ಮಾ ತಗೊಳ್ಳಿ ಅಂದ."

"ಹೌದಾ? ಸರಿ ಬಿಡಿ," ಎಂದಳು.

ಮಾರನೆಯ ದಿನ ಬೆಳಿಗ್ಗೆ ಬಿಸಿಲೇರುತ್ತಲೇ ಕಿಟಕಿ ಬಂದು ಟೀವಿಯೊಳಗೆ ಕೂತಿತು. ಧಾರಾವಾಹಿಯ ಅತ್ತೆ ಸೊಸೆಯರು ನಮ್ಮ ಕಿಟಕಿಯ ಸರಳುಗಳ ಹಿಂದೆ ಜೈಲಿನಲ್ಲಿದ್ದವರ ಹಾಗೆ ಜಗಳವಾಡುತ್ತಿದ್ದರು. ನಾನು ಪರದೆ ಎಳೆದೆ. ಸಂದಿಯಲ್ಲಿ ಬೆಳಕು ಬರದಂತೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸಾಲಾಗಿ ಹಾಕಿದೆ. "ಈಗ?" ಎಂದೆ. "ಚೆನ್ನಾಗಿ ಕಾಣ್ತಿದೆ," ಎಂದಳು.

ಅಂದಿನಿಂದ ದಿನವೂ ಅದೇ ಕ್ರಮ. ಬೆಳಿಗ್ಗೆ ಕ್ಲಿಪ್ಪು ಹಾಕಿ, ಟೀವಿ ಹಚ್ಚಿ, ರಿಮೋಟು ಅವಳ ಕೈಗಿಟ್ಟು ಕಂಪನಿ ಬಸ್ಸಿಗೆ ಹೋಗುತ್ತಿದ್ದೆ. ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ವಿಜಯಪುರ ಕಡೆಯ ಹೆಣ್ಣುಮಗಳು ನಡುನಡುವೆ ಬಂದು ಅವಳನ್ನು ನೋಡಿಕೊಳ್ಳುತ್ತಿದ್ದಳು. ಸಂಜೆ ನಾನು ಬಂದಾಗ ಅದೇ ಕತ್ತಲು, ಅದೇ ಸೆಖೆ, ಟೀವಿಯ ನೀಲಿ ಬೆಳಕು ಬಿದ್ದ ಅವಳ ಮುಖ. ವಾರದೊಳಗೆ ತಂದರೆ ಬದಲಾಯಿಸಿ ಕೊಡುತ್ತೇವೆ ಎಂದು ಅಂಗಡಿಯವರು ಹೇಳಿದ್ದರು. ನಾನು ಹೋಗಲಿಲ್ಲ. ಹೋದರೆ ಯಾಕೆ ಬದಲಾಯಿಸಿದೆ ಎಂದು ಅವಳಿಗೆ ಹೇಳಬೇಕಾಗುತ್ತಿತ್ತು. ಸುಳ್ಳಿಗಿಂತ ಹೀಗೆ ಸುಮ್ಮನಿದ್ದದ್ದೇ ನನ್ನನ್ನು ಹೆಚ್ಚು ಕಾಡಿತು. ಕರೆಂಟ್ ಬಿಲ್ಲು ಮಾತ್ರ ಅಷ್ಟೇನೂ ಏರಲಿಲ್ಲ. "ನೋಡಿದ್ಯಾ, ಅಂಗಡಿಯವರೆಲ್ಲ ಸುಮ್ನೆ ಹೆದರಿಸ್ತಾರೆ," ಎಂದು ಜಂಬ ಬೇರೆ ಕೊಚ್ಚಿದೆ.

ನಾಲ್ಕನೆಯ ತಿಂಗಳು ಅವಳು ಎದ್ದು ಕೂತಳು. ಆಮೇಲೆ ಗೋಡೆ ಹಿಡಿದು ನಡೆದಳು. ಮತ್ತೆ ಕಟ್ಟೆಗೆ ಬಂದಳು. ನಾನು ಆ ಕ್ಲಿಪ್ಪುಗಳನ್ನು ಹಿತ್ತಲ ಹಗ್ಗದ ಮೇಲೆ ಕಂಡಾಗಲೆಲ್ಲ ಬೇರೆ ಕಡೆ ನೋಡುತ್ತಿದ್ದೆ.

ನಾನು ನಿವೃತ್ತನಾದೆ, ಮೆಟ್ರೋ ಓಡಾಡತೊಡಗಿತು. ಒಂದು ದಿನ ಪ್ಲಾಸ್ಮಾ ಟಪ್ ಎಂದು ಸದ್ದು ಮಾಡಿ ನಿಂತಿತು. ರಿಪೇರಿಯವನು ಬಂದು, "ಇದರ ಸ್ಪೇರು ಸಿಗಲ್ಲ ಸಾರ್, ಪ್ಲಾಸ್ಮಾ ಮಾಡೋದೇ ನಿಲ್ಲಿಸ್ಬಿಟ್ರು," ಎಂದು ಹೋದ. ಅವಳು ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಅಂಗಡಿಯವನು ಹೇಳಿದ ಮಾತು, ಟ್ಯೂಬ್‌ಲೈಟು, ಕ್ರಿಕೆಟ್ಟು, ವಾಪಸ್ ಕೊಡಬಹುದಾಗಿದ್ದ ಆ ವಾರ. "ಮೂರು ತಿಂಗಳು ನಿನ್ನನ್ನ ಕತ್ತಲಲ್ಲಿ ಮಲಗಿಸಿದೆ," ಎಂದೆ.

ಅವಳ ಕೈ ನಿಂತಿತು. "ಅಂಗಡಿಯವನು ಹಂಗಂದಿದ್ನಾ? ಅದು ನಂಗೆ ಗೊತ್ತಿರ್ಲಿಲ್ಲ." ಬೀದಿಯ ಕಡೆ ಮುಖ ತಿರುಗಿಸಿದಳು. ಆಮೇಲೆ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

"ಕತ್ತಲಲ್ಲಿ ಯಾರ್ರೀ ಮಲಗಿದ್ದು? ನಿಮ್ಮ ಬಸ್ಸು ತಿರುವು ದಾಟಿದ್ಮೇಲೆ ಪರದೆ ಒಂದು ಗಳಿಗೆ ಇರ್ತಿರ್ಲಿಲ್ಲ. ಟೀವೀನೂ ಆಫ್ ಮಾಡಿಬಿಡ್ತಿದ್ದೆ."

"ಆಫ್ ಮಾಡಿ ಏನು ನೋಡ್ತಿದ್ದೆ?"

"ಗಾಜಲ್ಲಿ ಇಡೀ ಬೀದಿ ಕಾಣ್ತಿತ್ತು. ಹೂವಿನವಳು, ಸೊಪ್ಪಿನ ಗಾಡಿ, ಸ್ಕೂಲಿನ ಮಕ್ಕಳು. ಎಲ್ಲ ಎಡಕ್ಕೆ ಹೋಗೋರು ಬಲಕ್ಕೆ ಹೋಗ್ತಿದ್ರು, ಅಷ್ಟೇ. ಮೂರು ತಿಂಗಳು ನಿಮ್ಮೊಬ್ಬರನ್ನ ಬಿಟ್ಟು ಎಲ್ಲರನ್ನೂ ನೋಡ್ದೆ. ನೀವು ಬರೋ ಹೊತ್ತಿಗೆ ಮತ್ತೆ ಮುಚ್ಚಿಸ್ಬೇಕಿತ್ತಲ್ಲ."

ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಮೇಲಿನ ಮನೆಯವಳು ಅಲ್ಲಿಂದಲೇ ಬಗ್ಗಿ ಕೂಗಿದಳು. "ಹೌದ್ರಿ ಅಣ್ಣಾರ! ದಿನಾ ಆ ಕ್ಲಿಪ್ ತಗದು ಹಾಕಿ ನನ್ನ ಬೆರಳು ಸವದ್ ಹೋಗ್ಯಾವ!"

"ನಂಗ್ಯಾಕೆ ಹೇಳ್ಲಿಲ್ಲ?" ಎಂದೆ.

"ನಾಲ್ಕು ಜನರ ಮುಂದೆ ಆ ಟೀವೀನ ಹೊಗಳ್ತಿದ್ರಿ. ಹೆಂಗೆ ಹೇಳ್ಲಿ? ನೀವು ಸುಳ್ಳು ಹೇಳಿದ್ದು ತಪ್ಪೇ. ಬೆಳಕು ಸಿಕ್ತಲ್ಲ ಅಂತ ಬಿಡ್ತಿದ್ದೀನಿ." ಹೀಗೆಂದು ಅವರೆಕಾಯಿಯ ಮೊರವನ್ನು ನನ್ನ ತೊಡೆಯ ಮೇಲಿಟ್ಟಳು. ನಾನು ಸುಲಿಯತೊಡಗಿದೆ. ಬೆರಳಿಗೆ ಸೊಗಡು ಅಂಟಿತು. ಏಳು ವರ್ಷ ಮನಸ್ಸಿನಲ್ಲಿ ಮುಚ್ಚಿಯೇ ಇದ್ದ ಆ ಕೋಣೆಗೆ ಅಂದು ಗಾಳಿಯಾಡಿತು.

ಆ ವಾರವೇ ಇಬ್ಬರೂ ಮೆಟ್ರೋ ಹತ್ತಿ ಟೀವಿ ಅಂಗಡಿಗೆ ಹೋದೆವು. ಕೌಂಟರಿನಲ್ಲಿದ್ದವಳು ಅದೇ ಪ್ರಶ್ನೆ ಕೇಳಿದಳು. "ಜಾಸ್ತಿ ಬೆಳಕಮ್ಮ," ಎಂದಳು ನನ್ನ ಹೆಂಡತಿ. "ನಮ್ಮನೇಲಿ ಕಿಟಕಿ ಮುಚ್ಚಲ್ಲ." ನಾನು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಅಭ್ಯಾಸಬಲ, ಕಣ್ಣು ಚಾವಣಿಯಲ್ಲಿ ಟ್ಯೂಬ್‌ಲೈಟು ಹುಡುಕುತ್ತಿತ್ತು.

"ರೀ," ಎಂದಳು ಅವಳು, ನನ್ನ ಕಡೆ ತಿರುಗದೆಯೇ. "ಮೇಲೆ ನೋಡ್ಬೇಡಿ."