ಒಂದೊಲೆ ಊರಿನಲ್ಲಿ ಒಂದು ‘ಇಲ್ಲ’

ನನ್ನ ತಂಗಿ ‘ಇಲ್ಲ’ ಎಂದಳು. ಇಡೀ ಒಂದು ಊರು ನಿಂತುಹೋಯಿತು.

ಈ ಸುದ್ದಿ ನನಗೆ ಮುಟ್ಟಿಸಿದ್ದು ಹನೂರು ಬಸ್ಸಿನ ಕಂಡಕ್ಟರ್. ಅದೂ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ, ಹತ್ತು ಜನರ ಮುಂದೆ. “ಏನ್ ಸಾ, ನಿಮ್ ತಂಗ್ಯವ್ರು ಆ ಬಿಳೀ ದೊರೆಗಳ್ನೆಲ್ಲ ಓಗದಂಗೆ ತಡ್ಕಂಡು ಕುಂತವ್ರಂತೆ?” ಎಂದ. ನಾನು ನಕ್ಕೆ. (ಊರಿನ ಮೇಷ್ಟರು ಬಸ್ ಸ್ಟ್ಯಾಂಡಿನಲ್ಲಿ ಇನ್ನೇನು ಮಾಡಲು ಸಾಧ್ಯ?) ಮನೆಗೆ ಬಂದರೆ ಊಟ ಸೇರಲಿಲ್ಲ.

ಲೊಕ್ಕನಹಳ್ಳಿಯ ಆಚೆ, ಕಾಡಿನ ಅಂಚಿನಲ್ಲಿ, ಹಾಲೆಂಡಿನಿಂದ ಬಂದವರ ಒಂದು ಪಾಳ್ಯವಿದೆ. ಯುದ್ಧಕ್ಕೆ ಬಂದೂಕು ಹಿಡಿಯುವುದಿಲ್ಲ ಎಂದು ದೇಶ ಬಿಟ್ಟ ಕ್ರೈಸ್ತ ಸಂಸಾರಗಳು. ಯೇಸುವಿನ ಶಿಷ್ಯರು ಬಾಳಿದ ಹಾಗೆ ಬಾಳಬೇಕೆಂದು ಇಷ್ಟು ದೂರ ಬಂದವರು. ಎಲ್ಲರಿಗೂ ಒಂದೇ ಅಡುಗೆಮನೆ. ಯಾರಿಗೂ ಸಂಬಳವಿಲ್ಲ, ಯಾವ ಬಾಗಿಲಿಗೂ ಬೀಗವಿಲ್ಲ. ಸುತ್ತಲಿನ ಹಳ್ಳಿಯವರು ಅದನ್ನು ‘ಒಂದೊಲೆ ಊರು’ ಎನ್ನುತ್ತಾರೆ.

ಅಲ್ಲಿ ಇನ್ನೊಂದು ನಿಯಮವಿದೆ. ಏನು ತೀರ್ಮಾನವಾಗಬೇಕಾದರೂ ಎಲ್ಲರೂ ಒಪ್ಪಬೇಕು. ಮೆಜಾರಿಟಿ ಎಂಬ ಮಾತೇ ಇಲ್ಲ. ಒಬ್ಬರು ಬೇಡವೆಂದರೂ ಕೆಲಸ ಅಲ್ಲಿಗೆ ನಿಂತಿತು. ಕೇಳಲು ಎಷ್ಟು ಚೆಂದ, ಅಲ್ಲವೇ? ಆ ಒಬ್ಬರು ನಿಮ್ಮ ತಂಗಿಯಾಗುವವರೆಗೆ!

ಪಾಳ್ಯದ ಜಮೀನಿನ ಗುತ್ತಿಗೆ ಮುಗಿಯುತ್ತಿದೆ. ಮುಂದುವರಿಯುವ ಭರವಸೆಯಿಲ್ಲ. ಬ್ರೆಜಿಲ್ ದೇಶದಲ್ಲಿ ಇವರದೇ ಪಂಗಡದವರು ಭೂಮಿ ಕೊಟ್ಟು ಕರೆಯುತ್ತಿದ್ದಾರೆ. ಎಲ್ಲರೂ ಹೂಂ ಎಂದರು. ನನ್ನ ತಂಗಿ ರೋಸಮ್ಮ ಒಬ್ಬಳು ಇಲ್ಲ ಎಂದಳು.

ಅವಳು ಅಲ್ಲಿಗೆ ಸೇರಿದ್ದಾದರೂ ಹೇಗೆ? ಕಾಮಗೆರೆಯ ಬಡಗಿ ಚಿನ್ನಪ್ಪನನ್ನು ಮೆಚ್ಚಿ ಮದುವೆಯಾದಳು. ಅವನೂ ಕ್ರೈಸ್ತ, ನಾವೂ ಕ್ರೈಸ್ತರು. ಆದರೆ ಚಿನ್ನಪ್ಪನ ತಾತ ಯಾವ ಕೇರಿಯಲ್ಲಿದ್ದ ಎಂಬುದನ್ನು ನಮ್ಮಪ್ಪ ಮರೆಯಲಿಲ್ಲ. ಮದುವೆಗೂ ಬರಲಿಲ್ಲ. ಗಂಡ ಹೆಂಡತಿ ಬಟ್ಟೆ ಗಂಟು ಕಟ್ಟಿಕೊಂಡು ಒಂದೊಲೆ ಊರಿಗೆ ಹೋದರು.

ಶನಿವಾರ ಸ್ಕೂಲು ಮುಗಿಸಿ ನಾನೂ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ದಿಗಿಲು. ಅಷ್ಟು ಜನರ ಪ್ರಯಾಣಕ್ಕೆ ಅಡ್ಡ ನಿಂತವಳನ್ನು ಅವರು ಹೇಗೆ ನೋಡಿಕೊಳ್ಳುತ್ತಿರಬಹುದು? ಊಟ ಹಾಕುತ್ತಾರೋ ಇಲ್ಲವೋ? ಕೂಗಾಡುತ್ತಾರೋ?

ಹೋಗಿ ನೋಡಿದರೆ ಎಲ್ಲ ತಿರುಗುಮುರುಗು. ರೋಸಮ್ಮ ಅಡುಗೆಮನೆಯಲ್ಲಿ ರಾಗಿಮುದ್ದೆ ಕಟ್ಟುತ್ತಿದ್ದಳು. ಕೆಂಪು ಮುಖದ ಮುದುಕಿಯೊಬ್ಬಳು ಬಂದು ಅವಳ ಬೆನ್ನು ಸವರಿ, “ಅವಸರ ಇಲ್ಲ ರೋಸಕ್ಕ, ನಾವು ಕಾಯುತ್ತೇವೆ” ಎಂದು ಪುಸ್ತಕದ ಕನ್ನಡದಲ್ಲಿ ಹೇಳಿ ಹೋದಳು. ಇನ್ನೊಬ್ಬಳು ಬಂದಳು. ಅವಳದೂ ಅದೇ ಮಾತು, ಅದೇ ನಗು.

ಅವರು ಹೋದ ಮೇಲೆ ತಂಗಿ ಸೆರಗಿನಿಂದ ಮುಖ ಒರೆಸಿಕೊಂಡಳು. “ಒಬ್ರಾದ್ರೂ ಬಯ್ದಿದ್ರೆ ಚೆಂದಾಗಿತ್ತು ಕಣಣ್ಣಾ. ಯಾರೂ ಬಯ್ಯಕಿಲ್ಲ. ಬೆಳಗೆದ್ರೆ ನನಗೋಸ್ಕರ ಪ್ರಾರ್ಥನೆ ಮಾಡ್ತಾರೆ. ನಂಗೆ ನಿದ್ದೇನೇ ಬರಕಿಲ್ಲ.”

“ಯಾಕವ್ವ ಬೇಡ ಅಂತೀಯ?”

“ಇಲ್ಲಿಗೆ ಬರಕ್ಕೇ ಒಂದ್ಸಲ ಎಲ್ಲಾನೂ ಬಿಟ್ಟೆ. ಇನ್ನೊಂದ್ಸಲ ಬಿಡು ಅಂದ್ರೆ ಆಗಕಿಲ್ಲ. ಮನಸಿಲ್ಲ. ಇವ್ರು ಕಾರಣ ಕೇಳ್ತಾರೆ. ಮನಸಿಲ್ಲ ಅನ್ನೋದು ಕಾರಣ ಅಲ್ವಾ?”

(ಉತ್ತರ ನಿಮಗೆ ತಿಳಿದಿದ್ದರೆ ಬರೆದು ಕಳಿಸಿ.)

ಚಿನ್ನಪ್ಪ ಹಿಂದಿನ ಕೊಟ್ಟಿಗೆಯಲ್ಲಿ ಪೆಟ್ಟಿಗೆ ಮಾಡುತ್ತಿದ್ದ. ಹಡಗಿಗೆ ಹಾಕುವ ಪೆಟ್ಟಿಗೆ! ಹೆಂಡತಿ ಒಪ್ಪುತ್ತಾಳೆಂದು ಇವನಿಗೆ ಅಷ್ಟು ಖಾತ್ರಿಯೇ? ಕೇಳಿಯೇಬಿಟ್ಟೆ. ಅವನು ಉಜ್ಜುಗೊರಡು ಕೆಳಗಿಟ್ಟ.

“ಖಾತ್ರಿ ಏನಿಲ್ಲ ಬಾವ. ಕೈ ಸುಮ್ಕಿದ್ರೆ ಎದೆ ಹೊಡ್ಕತದೆ, ಅದ್ಕೇ ಮಾಡ್ತಾವ್ನಿ. ಈ ಜನ ನನ್ನ ಚಿನ್ನಣ್ಣ ಅಂತಾರೆ. ಹುಟ್ಟಿದಾಗ್ನಿಂದ ಒಬ್ರೂ ನನ್ನ ಅಣ್ಣ ಅಂದಿರ್ಲಿಲ್ಲ. ಇವ್ರು ಓಗ್ಬುಟ್ರೆ ನಾನು ಮತ್ತೆ ಯಾರು ಬಾವ?”

ಮರುದಿನ ಬೆಳಿಗ್ಗೆ ಪ್ರಾರ್ಥನೆಯ ನಂತರ ಮೀಟಿಂಗ್. ಎಲ್ಲರೂ ಸುತ್ತಲೂ ಬೆಂಚಿನ ಮೇಲೆ ಕುಳಿತರು. ನಾನು ಬಾಗಿಲ ಬಳಿ ನಿಂತೆ. ಪಾಳ್ಯದ ಹಿರಿಯ ಪೀಟರಣ್ಣ ಒಬ್ಬೊಬ್ಬರ ಹೆಸರು ಹಿಡಿದು ಕೇಳಿದ. ಹೂಂ. ಹೂಂ. ಹೂಂ. ಚಿನ್ನಪ್ಪನೂ ಹೂಂ ಎಂದ. ತಂಗಿ ಸೋತು ಹೂಂ ಎಂದುಬಿಟ್ಟರೆ? ಮತ್ತೆ ಇಲ್ಲ ಎಂದರೆ? ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರುತ್ತಿದ್ದೆನೋ ನನಗೇ ಗೊತ್ತಿಲ್ಲ.

ರೋಸಮ್ಮ ಎದ್ದು ನಿಂತಳು. “ನಂಗೆ ಬರಕ್ಕೆ ಮನಸಿಲ್ಲ. ನಿಮ್ಮನ್ನ ತಡೆಯಕ್ಕೂ ಮನಸಿಲ್ಲ. ಈ ಪಾಳ್ಯದಿಂದ ನನ್ನ ಬಿಟ್ಬುಡಿ. ಆಗ ಎಲ್ರೂ ಹೂಂ ಅಂದಂಗೆ ಆಯ್ತದೆ.”

ಮುದುಕಿ ಅತ್ತಳು. ಬಿಟ್ಟು ಹೋಗುವ ಹಕ್ಕು ಅಲ್ಲಿ ಎಲ್ಲರಿಗೂ ಇದೆ. ಪೀಟರಣ್ಣ ಸರಿ ಎಂದ. ಒಬ್ಬರು ಬಿಟ್ಟಮೇಲೆ ಉಳಿದವರನ್ನು ಮೊದಲಿನಿಂದ ಕೇಳಬೇಕಂತೆ. ಕೇಳಿದ. ಹೂಂ, ಹೂಂ. ಚಿನ್ನಪ್ಪನ ಸರದಿ ಬಂತು. “ನನ್ನೂ ಬಿಟ್ಬುಡಿ ಅಣ್ಣಾ” ಎಂದ. ರೋಸಮ್ಮ ತಿರುಗಿ ನೋಡಿದಳು. ಆ ನೋಟವನ್ನು ಬರೆಯುವ ಶಕ್ತಿ ನನಗಿಲ್ಲ.

ಉಳಿದವರನ್ನು ಮತ್ತೊಮ್ಮೆ ಕೇಳಿದ ಮೇಲೆ, ಎಲ್ಲರೂ ಒಪ್ಪಿದರು ಎಂದು ತೀರ್ಮಾನವಾಯಿತು. ಎಲ್ಲರೂ ಒಪ್ಪಿದ್ದಾರೆ ಎಂದು ಯಾರಾದರೂ ಹೇಳಿದಾಗ ನನಗೆ ಇನ್ನು ಮುಂದೆ ಒಂದೇ ಅನುಮಾನ: ಒಪ್ಪದವರು ಎದ್ದು ಹೋದದ್ದು ಯಾವಾಗ?

ಒಂದೊಲೆ ಊರಿನವರು ಮುಂಬಯಿಗೆ ಹೊರಟರು, ಅಲ್ಲಿಂದ ಹಡಗು. ತಂಗಿ, ಭಾವಮೈದುನನನ್ನು ನಾನು ಕೊಳ್ಳೇಗಾಲಕ್ಕೆ ಕರೆತಂದೆ. ಅಪ್ಪ ಮಾತಾಡಲಿಲ್ಲ, ಬಾಗಿಲನ್ನೂ ಹಾಕಲಿಲ್ಲ. ಅಷ್ಟಕ್ಕೇ ಉಸಿರುಬಿಟ್ಟೆ.

ಮಧ್ಯಾಹ್ನ ಅಮ್ಮ ಊಟಕ್ಕೆ ಕರೆದರು. ಅಪ್ಪನಿಗೆ, ನನಗೆ, ರೋಸಮ್ಮನಿಗೆ ನಡುಮನೆಯಲ್ಲಿ ಎಲೆ. ಚಿನ್ನಪ್ಪನಿಗೆ ಜಗಲಿಯಲ್ಲಿ. ಅವನು ಹೋಗಿ ಕುಳಿತ. ರೋಸಮ್ಮ ತನ್ನ ಎಲೆ ಎತ್ತಿಕೊಂಡು ಅವನ ಪಕ್ಕಕ್ಕೆ ನಡೆದಳು. ನಾನೂ ಎತ್ತಿಕೊಂಡು ಹೋದೆ. ಒಳಗೆ ಅಪ್ಪನೊಬ್ಬರೇ. ಅಮ್ಮ ಸಾರಿನ ಪಾತ್ರೆ ಹಿಡಿದು, ಯಾವ ಕಡೆ ಮೊದಲು ಬಡಿಸಬೇಕೆಂದು ತೋಚದೆ ನಡುವೆ ನಿಂತಿದ್ದರು. ಇವತ್ತಿಗೂ ದಿನವೂ ಹೀಗೇ ನಡೆಯುತ್ತಿದೆ.

ಹಾಲೆಂಡಿನವರು ಎರಡನೇ ಸಲ ಸಮುದ್ರ ದಾಟುತ್ತಿದ್ದಾರೆ. ನಮಗೆ ಒಂದು ಹೊಸ್ತಿಲು ದಾಟಲು ಇನ್ನೆಷ್ಟು ಕಾಲ ಬೇಕು?