ನಿರ್ದೇಶಕರು ಬದಲಿಸಿದ ಮಾತು

ಮೂವತ್ತು ವರ್ಷ ನಟಿಸಿದರೂ ಸಿದ್ದಲಿಂಗಪ್ಪನಿಗೆ ಇಂಗ್ಲಿಷ್ ಟೀವಿಯವರು ಒಂದು ಹೆಸರು ಕೊಡಲಿಲ್ಲ. ಅಂಗಡಿಯವ, ಟ್ಯಾಕ್ಸಿಯವ, ಆರೋಪಿಯ ಅಪ್ಪ, ಎರಡನೆಯ ರೋಗಿ ಅಂತ ಕೊನೆಯಲ್ಲಿ ಓಡುವ ಪಟ್ಟಿಯಲ್ಲಿ ಬರುತ್ತಿದ್ದ, ಓದುವುದರೊಳಗೆ ಹೋಗುತ್ತಿದ್ದ. ಧಾರವಾಡದಲ್ಲಿ ನಾಟಕ ಕಂಪನಿ ಸೇರಿ ಗೌಡನ ಪಾತ್ರಕ್ಕೆ ಶಿಳ್ಳೆ ಹೊಡೆಸಿಕೊಂಡಿದ್ದ ಮನುಷ್ಯ ಲಂಡನ್ನಿನ ಹೌನ್ಸ್ಲೋಗೆ ಬಂದು ವಿಮಾನದ ಸರಕು ಇಳಿಸುತ್ತಿದ್ದ. ಶೂಟಿಂಗಿಗೆ ಕರೆ ಬಂದ ದಿನ ರಜೆ ಹಾಕಿ, ಚಳಿಯಲ್ಲಿ ದಿನವಿಡೀ ಕಾದು, "ಹಾಲು ಆ ಕಡೆ ಇದೆ" ಎಂಬ ಒಂದೇ ಮಾತು ಹೇಳಿ ಬರುತ್ತಿದ್ದ. ಆ ಒಂದು ಮಾತನ್ನೂ ಅಡುಗೆಮನೆಯಲ್ಲಿ ಹೆಂಡತಿ ಚನ್ನಬಸವ್ವನ ಮುಂದೆ ಇಪ್ಪತ್ತು ಸಲ ಆಡಿ ತೋರಿಸದೆ ಹೊಸಿಲು ದಾಟಿದವನಲ್ಲ.

ಚನ್ನಬಸವ್ವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಬಸ್ಸಿಗೂ ಅಂಗಡಿಗೂ ಸಾಕಾಗುವಷ್ಟು. ಆದರೆ ಗಂಡನ ಮುಖ ಓದುವುದರಲ್ಲಿ ಅವಳದು ಎತ್ತಿದ ಕೈ. ರೊಟ್ಟಿ ಬಡಿಯುತ್ತಲೇ ಹೇಳುತ್ತಿದ್ದಳು, "ಸುಳ್ಳ ಹೇಳೂ ಪಾರ್ಟ್ ಬಂದ್ರ ನೀವು ಎಡಗೈಲೆ ಕಿವಿ ಹಿಡ್ಕೋತೀರಿ. ಅದೊಂದು ಬಿಡ್ರಿ." ಅದೊಂದನ್ನು ಬಿಡುವುದು ಅವನಿಂದ ಆಗಲೇ ಇಲ್ಲ.

ಅರವತ್ತರ ಹೊತ್ತಿಗೆ ಅವನಿಗೆ ವಿಚಿತ್ರವಾದ ಕೆಲಸವೊಂದು ಸಿಕ್ಕಿತು. ವೈದ್ಯಕೀಯ ಕಾಲೇಜಿನ ಪರೀಕ್ಷೆಯಲ್ಲಿ ರೋಗಿಯಾಗಿ ಕೂರುವುದು. ಡಾಕ್ಟರಾಗಲಿರುವ ಹುಡುಗರು ಒಬ್ಬೊಬ್ಬರಾಗಿ ಬಂದು ಅವನಿಗೆ ಕ್ಯಾನ್ಸರ್ ಇದೆ ಎಂದು ಹೇಳಬೇಕು. ಹೇಳಿದ ರೀತಿಗೆ ಅಂಕ. ದಿನಕ್ಕೆ ಹದಿನಾರು ಸಲ ಸುದ್ದಿ ಕೇಳಿ ಹದಿನಾರು ಸಲ ಕಣ್ಣು ತುಂಬಿಕೊಳ್ಳುತ್ತಿದ್ದ. ಮೂರು ವರ್ಷಕ್ಕೆ ಕಾಲೇಜಿನವರು ಉಳಿದ ನಟರನ್ನು ತಿದ್ದುವ ಕೆಲಸವನ್ನೂ ಅವನಿಗೇ ಒಪ್ಪಿಸಿ, ಕೊರಳಿಗೆ ಕಾರ್ಡು ಹಾಕಿದರು. ಅದರಲ್ಲಿ ಅವನ ಹೆಸರಿತ್ತು, ಹೆಸರಿನ ಕೆಳಗೆ ನಿರ್ದೇಶಕ ಎಂದಿತ್ತು. ಆಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ. "ಸುತ್ತಿ ಬಳಸಬೇಡಿ. ನಿಜ ಹೇಳಿ ಸುಮ್ಮನಿರಿ. ಸಾಯುವವರು ಅವರು, ತೀರ್ಮಾನವೂ ಅವರದೇ," ಎಂದು ಹುಡುಗ ಡಾಕ್ಟರುಗಳಿಗೂ ಪಾಠ ಹೇಳತೊಡಗಿದ.

ಅದೇ ಹುರುಪಿನಲ್ಲಿ ಕಿಂಗ್ಸ್‌ಬರಿಯ ಹಾಲ್ ಹಿಡಿದು ಮೂರೂವರೆ ತಾಸಿನ ಕನ್ನಡ ನಾಟಕ ಆಡಿಸಿದ. ಎರಡನೆಯ ಅಂಕಕ್ಕೆ ಜನ ಊಟದ ಸಾಲಿಗೆ ಎದ್ದುಹೋದರು, ಮೂರನೆಯದಕ್ಕೆ ಟ್ಯೂಬ್ ರೈಲು ಹಿಡಿಯಲು. ಕೊನೆಯ ಪರದೆ ಬಿದ್ದಾಗ ಖಾಲಿ ಕುರ್ಚಿಗಳ ನಡುವೆ ಚನ್ನಬಸವ್ವ ಒಬ್ಬಳೇ ಕೂತಿದ್ದಳು, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು.

ಕಳೆದ ಮೇ ತಿಂಗಳಲ್ಲಿ ಅವಳ ಹೊಟ್ಟೆನೋವು ಹೆಚ್ಚಾಗಿ ಆಸ್ಪತ್ರೆ ಸೇರಬೇಕಾಯಿತು. ಡಾಕ್ಟರ್ ರೆಬೆಕಾ ಒಂದು ಕಾಲಕ್ಕೆ ಸಿದ್ದಲಿಂಗಪ್ಪನ ಪಾಠ ಕೇಳಿದ್ದವಳೇ. ಫೋನಿನಲ್ಲಿ ದುಭಾಷಿಯನ್ನು ಕರೆಸುತ್ತೇನೆ ಎಂದಳು. ಬೇಡ, ನಾನಿದ್ದೇನಲ್ಲ ಎಂದ. ಗುರುವೇ ಹೇಳಿದ ಮೇಲೆ ಅವಳೂ ಒಪ್ಪಿದಳು. ಎಡವಟ್ಟಾದದ್ದು ಅಲ್ಲೇ.

ಕಲಿತದ್ದನ್ನು ರೆಬೆಕಾ ಮರೆತಿರಲಿಲ್ಲ. ಕ್ಯಾನ್ಸರ್, ಎಲ್ಲ ಕಡೆ ಹಬ್ಬಿದೆ, ವಾಸಿಯಾಗುವಂಥದ್ದಲ್ಲ. ಔಷಧ ಏರಿಸಿದರೆ ಕೆಲವು ತಿಂಗಳು ಹೆಚ್ಚು ಸಿಗಬಹುದು, ಆದರೆ ಪ್ರಯಾಣ ಸಾಧ್ಯವಿಲ್ಲ. ಏರಿಸದಿದ್ದರೆ ಇನ್ನೆರಡು ತಿಂಗಳು ಓಡಾಡಿಕೊಂಡಿರಬಹುದು. "ಯಾವುದು ಬೇಕು ಅಂತ ಅವರನ್ನೇ ಕೇಳಿ," ಎಂದು ಹೇಳಿ ಸುಮ್ಮನಾದಳು.

ಸಿದ್ದಲಿಂಗಪ್ಪ ಹೆಂಡತಿಯ ಕಡೆ ತಿರುಗಿದ. "ಸಣ್ಣ ಗಂಟ ಅದ ಅಂತ. ಔಷಧ ಏರಿಸಿದ್ರ ದೀಪಾವಳಿ ಹೊತ್ತಿಗೆ ಆರಾಮ ಆಗ್ತಿ."

ಚನ್ನಬಸವ್ವ ಅವನನ್ನೇ ಒಂದು ಗಳಿಗೆ ನೋಡಿದಳು. ನವಲಗುಂದದಲ್ಲಿ ಅವಳ ಅಕ್ಕ ಪಾರ್ವತೆವ್ವ ಇದ್ದಳು. ನೋಡಿ ಏಳು ವರ್ಷವಾಗಿತ್ತು. "ಮದ್ಲ ಅಕ್ಕನ್ನ ನೋಡಿಕೊಂಡು ಬಂದು, ಆಮ್ಯಾಲೆ ಏರಿಸಿಕೊಂಡ್ರ ನಡೀತದೇನು ಕೇಳ್ರಿ."

ಅವನು ರೆಬೆಕಾಳಿಗೆ ಇಂಗ್ಲಿಷಿನಲ್ಲಿ ಹೇಳಿದ, "ನಾಳೆಯೇ ಶುರು ಮಾಡಿ ಅನ್ನುತ್ತಾಳೆ."

ಹೆದರಿ ಹೇಳಿದ. ಅವಳಿಲ್ಲದ ಅಡುಗೆಮನೆಯನ್ನು ನೆನೆಸಿಕೊಳ್ಳಲೂ ಆಗದೆ ಹೇಳಿದ. ಅವಳ ಮೇಲೆ ಪ್ರಾಣವನ್ನೇ ಇಟ್ಟುಕೊಂಡಿದ್ದ ಎನ್ನುವುದೂ ನಿಜ. ಆದರೂ ಅವಳ ಉಳಿದ ದಿನಗಳನ್ನು ಅವಳ ಕೈಯಿಂದ ಕಿತ್ತುಕೊಂಡ. ಮಾಡಿದ ಕೆಲಸಕ್ಕೆ ಬೇರೆ ಹೆಸರಿಲ್ಲ.

ಔಷಧ ಅವಳ ಕೂದಲು ತೆಗೆಯಿತು, ನಾಲಿಗೆಯ ರುಚಿ ತೆಗೆಯಿತು, ಕಾಲಿನ ಬಲ ತೆಗೆಯಿತು. ಗಂಟನ್ನು ಮಾತ್ರ ಮುಟ್ಟಲಿಲ್ಲ. ಸೆಪ್ಟೆಂಬರಿನಲ್ಲಿ ನಿಲ್ಲಿಸಿದರು. ಟೀವಿ ಇದ್ದ ಕೋಣೆಗೆ ಆಸ್ಪತ್ರೆಯ ಮಂಚ ಬಂತು. ಕಾಲೇಜಿನಿಂದ ಫೋನ್ ಬಂದರೆ ಸಿದ್ದಲಿಂಗಪ್ಪ ಎತ್ತುತ್ತಿರಲಿಲ್ಲ. ಅಕ್ಕ ಮಾತ್ರ ವಾರಕ್ಕೊಮ್ಮೆ ಮಾಡುತ್ತಿದ್ದಳು, ಮುಂದಿನ ತಿಂಗಳು ಬರ್ತೇವಿ ಎಂದು ಅವನು ಅವಳಿಗೂ ಹೇಳುತ್ತಿದ್ದ.

ದೀಪಾವಳಿಯ ಬೆಳಿಗ್ಗೆ ಚನ್ನಬಸವ್ವನಿಗೆ ಎರಡು ಚಮಚ ಪಾಯಸವೂ ಇಳಿಯಲಿಲ್ಲ. ಬಟ್ಟಲು ಬದಿಗಿಟ್ಟು ಅವನು ಎಲ್ಲವನ್ನೂ ಹೇಳಿಬಿಟ್ಟ. ರೆಬೆಕಾ ಏನು ಹೇಳಿದ್ದಳು, ತಾನೇನು ಹೇಳಿದೆ, ಇವಳು ಕೇಳಿದ ಮಾತು ಎಲ್ಲಿ ಹೋಯಿತು, ಒಂದನ್ನೂ ಬಿಡಲಿಲ್ಲ.

ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು. "ಗೊತ್ತಿತ್ತರಿ. ಅವತ್ತ ಕಿವಿ ಹಿಡ್ಕೊಂಡಿದ್ರಿ."

"ಮತ್ತ ಯಾಕ ಸುಮ್ನಾದಿ? ಊರಿಗೆ ಹೋಗಿ ಬರಬಹುದಿತ್ತಲ್ಲ."

"ನಿಮ್ಮ ಆಟ ಯಾವತ್ತರ ನಡುವ ಬಿಟ್ಟು ಎದ್ದು ಹೋಗೀನೇನು ನಾ?"

ಸಿದ್ದಲಿಂಗಪ್ಪ ಅತ್ತ. ದಿನಕ್ಕೆ ಹದಿನಾರು ಸಲ ಅತ್ತವನಿಗೆ ಈ ಅಳು ಹೇಗೆ ನಿಲ್ಲಿಸಬೇಕೆಂದು ತಿಳಿಯಲಿಲ್ಲ. ಕೊನೆಗೆ ಅವಳೇ, "ಸಾಕು ಬಿಡ್ರಿ. ಅಕ್ಕಗ ಫೋನ್ ಹಚ್ಚಿ ನೀವ ಹೇಳ್ರಿ," ಎಂದಳು.

ಅವನು ಮಂಚದ ಅಂಚಿನಲ್ಲಿ ಕೂತು ಫೋನ್ ಹಚ್ಚಿದ. ಆ ಕಡೆಯಿಂದ ಪಾರ್ವತೆವ್ವನ ಗಟ್ಟಿ ದನಿ ಕೋಣೆಗೆಲ್ಲ ಕೇಳಿಸಿತು. "ಹಬ್ಬ ಆತೇನ್ರಿ ಸಿದ್ದಲಿಂಗಪ್ಪಾರ? ನಮ್ಮ ಚನ್ನಿ ಯಾವಾಗ ಬರ್ತಾಳ?"

ಅವನ ಎಡಗೈ ಕಿವಿಯ ಕಡೆಗೆ ಏರುತ್ತಿತ್ತು. ಚನ್ನಬಸವ್ವ ಕೈ ಚಾಚಿ ಅದನ್ನು ಹಿಡಿದುಕೊಂಡಳು.

"ಬರಂಗಿಲ್ರಿ, ಅಕ್ಕಾರ," ಎಂದ.