ಬಿಡದ ಪಥ್ಯ

ಪಿಯುಸಿ ಓದುವಾಗ ನನಗೆ ಕಾಮಾಲೆಯಾಯಿತು. ಮಗ್ಗೆ ಎಂಬ ಊರಿನ ನಮ್ಮ ಮನೆಯಲ್ಲಿ ನನ್ನ ಪಾಲಿಗೆ ಎಣ್ಣೆ, ಖಾರ ನಿಂತು ಗಂಜಿ, ಮಜ್ಜಿಗೆಯ ಪಥ್ಯ ಶುರುವಾಯಿತು. ಕಣ್ಣಿನ ಹಳದಿ ಹೋಯಿತು, ಪಥ್ಯ ಹೋಗಲಿಲ್ಲ. ಮೊದಮೊದಲು ಅಜ್ಜಿ, "ಬಾಯಿ ಕಟ್ಟೋದು ಅಂದ್ರೆ ಹಿಂಗಿರ್ಬೇಕು" ಎಂದು ಹೊಗಳಿದಳು. ಆಮೇಲೆ ಗಂಜಿಯೂ ಬೇಡವಾಯಿತು. ಹಸಿವಾಗುತ್ತಿರಲಿಲ್ಲ ಎಂದಲ್ಲ. ತುತ್ತು ಒಳಗಿಳಿದರೆ ಏನೋ ಅನಾಹುತ ಮಾಡಿಕೊಂಡ ಹಾಗೆ ಎದೆ ಡವಗುಟ್ಟುತ್ತಿತ್ತು. ಹೊಟ್ಟೆ ಖಾಲಿಯಿದ್ದಾಗ ಮಾತ್ರ ತಲೆಯೊಳಗೆ ತಣ್ಣಗಿರುತ್ತಿತ್ತು. ಆ ತಂಪನ್ನು ಬಿಟ್ಟುಕೊಡುವ ಮನಸ್ಸು ನನಗಿರಲಿಲ್ಲ.

ಅವ್ವ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಊರಿನ ಮಕ್ಕಳಿಗೆಲ್ಲ ಬಡಿಸಿ ಬಂದು, ಸಂಜೆ ನನ್ನ ಮುಂದೆ ತಟ್ಟೆಯಿಟ್ಟು ಕೂರುತ್ತಿದ್ದಳು. ಅನ್ನ ಆರಿ ಗಟ್ಟಿಯಾಗುವವರೆಗೂ ಕೂರುತ್ತಿದ್ದಳು.

ಸಕಲೇಶಪುರದ ಬಸ್ಸಿನಲ್ಲಿ ನಾನು ಪ್ರಜ್ಞೆ ತಪ್ಪಿ ಬಿದ್ದ ಮೇಲೆ ಅಪ್ಪ ಹಾಸನಕ್ಕೆ ಕರೆದೊಯ್ದ. ಅಲ್ಲಿ ಒಬ್ಬ ಡಾಕ್ಟರು ಖಿನ್ನತೆಯ ಮಾತ್ರೆ ಕೊಟ್ಟರು. ತಿಂಗಳುಗಟ್ಟಲೆ ನುಂಗಿದರೂ ಏನೂ ಬದಲಾಗಲಿಲ್ಲ. ಕೊನೆಗೆ ಮನೋವೈದ್ಯೆಯೊಬ್ಬರ ಬಳಿ ಹೋದೆವು. ಅವರು ನನ್ನ ನಾಡಿ ಹಿಡಿದು ನೋಡಿ, ತೂಕ ಬರೆದುಕೊಂಡರು.

"ಇದು ಹಟ ಅಲ್ಲ, ಕಾಯಿಲೆ. ಅನೊರೆಕ್ಸಿಯಾ ನರ್ವೋಸಾ ಅಂತಾರೆ. ಉಣ್ಣೋಕೆ, ಮೈ ತುಂಬೋಕೆ ಮನಸ್ಸು ಹೆದರುತ್ತೆ," ಎಂದರು.

"ಮಾತ್ರೆ ತಗಂಡ್ರೂ ಯಾಕೆ ವಾಸಿಯಾಗ್ಲಿಲ್ಲ ಡಾಕ್ಟ್ರೇ?" ಅಪ್ಪ ಕೇಳಿದ.

"ಆ ಮಾತ್ರೆ ಮನಸ್ಸನ್ನ ಹದವಾಗಿಡೋ ಸಿರೊಟೋನಿನ್ ಅನ್ನೋ ಮಿದುಳಿನ ರಾಸಾಯನಿಕದ ಮೇಲೆ ಕೆಲಸ ಮಾಡುತ್ತೆ. ಮಿದುಳು ಅದನ್ನ ತಯಾರಿಸಿಕೊಳ್ಳೋದು ಊಟದಲ್ಲಿ ಬರೋ ಅಂಶದಿಂದ. ಊಟಾನೇ ಇಲ್ಲದಿದ್ರೆ ಮಾತ್ರೆ ಏನು ಮಾಡೀತು?"

"ಹಂಗಾರೆ ವಾಸಿ ಮಾಡೋ ಔಷಧಿ ಯಾವ್ದೈತೆ?"

"ಯಾವುದೂ ಇಲ್ಲ. ಊಟಾನೇ ಔಷಧಿ. ಉಣ್ಣೋಕೆ ಬಿಡದ ಯೋಚನೆ ಸ್ವಲ್ಪ ಸಡಿಲವಾಗಲಿ ಅಂತ ಬೇರೆ ಮಾತ್ರೆ ಕೊಡ್ತೀನಿ. ಎಲ್ಲರಿಗೂ ಹಿಡಿಸಲ್ಲ. ನೋಡೋಣ."

ಅದು ಓಲಾಂಜಪಿನ್. ಔಷಧಿ ಅಂಗಡಿಯವನು ಕೊಡುವಾಗ, "ಇದ್ರಲ್ಲಿ ಮೈ ದಪ್ಪ ಆಯ್ತದೆ, ಹೆದರ್ಬೇಡಿ" ಎಂದ. ಅಷ್ಟೇ ಸಾಕಾಯಿತು. ಮಾತ್ರೆಯನ್ನು ನಾಲಗೆಯಡಿ ಇಟ್ಟುಕೊಂಡು ಹೋಗಿ ಬಚ್ಚಲಲ್ಲಿ ಉಗಿಯತೊಡಗಿದೆ.

ಆಗ ಅವ್ವ ಊಟ ಬಿಟ್ಟಳು. "ನೀ ಉಣ್ಣೋಗಂಟ ನಾನೂ ಉಣ್ಣಲ್ಲ ಕಣೆ," ಎಂದಳು. ಅವಳಿಗೆ ಸಕ್ಕರೆ ಕಾಯಿಲೆ. ಊಟ ಬಿಟ್ಟವಳು ಸಕ್ಕರೆ ಮಾತ್ರೆ ಬಿಡಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದವಳ ಮೈಯೆಲ್ಲ ಬೆವರಿತು. ಕೈಯನ್ನು ಕಾದ ಹಂಚಿನ ಮೇಲೇ ಇಟ್ಟಳು, ತೆಗೆಯಲಿಲ್ಲ. ನಾನು ಓಡಿ ಹೋಗಿ ಎಳೆದೆ. ನನ್ನನ್ನೇ ನೋಡಿ, "ಯಾರವ್ವ ನೀನು? ಯಾರ ಮನೆಯವಳು?" ಎಂದು ಕೇಳಿದಳು.

ಅಜ್ಜಿ ಬಂದು, "ಮೈಯಾಗಿನ ಸಕ್ಕರೆ ಇಳಿದೋಗೈತೆ" ಎಂದು ಅವಳ ಬಾಯಿಗೆ ಸಕ್ಕರೆ ಹಾಕಿದಳು. ಸ್ವಲ್ಪ ಹೊತ್ತಿಗೆ ಅವ್ವನ ಕಣ್ಣಿಗೆ ಗುರುತು ಮರಳಿತು. ಸುಟ್ಟ ಅಂಗೈ ಹಿಡಿದುಕೊಂಡು ಅವಳು ಮೊದಲು ಕೇಳಿದ್ದು, "ನೀ ಉಂಡ್ಯಾ?"

ನಾನು ಉಂಡಿರಲಿಲ್ಲ. ಅವತ್ತೂ ಉಣ್ಣಲಾಗಲಿಲ್ಲ. ರೊಟ್ಟಿ ಮುರಿದು ತುಟಿಯವರೆಗೆ ತಂದೆ. ಮತ್ತೆ ತಟ್ಟೆಗೇ ಇಟ್ಟೆ. ಅವ್ವನ ಮೇಲಿನ ಪ್ರೀತಿಗಿಂತ ದೊಡ್ಡದೊಂದು ನನ್ನ ತಲೆಯೊಳಗೆ ಕೂತಿದೆ ಎಂದು ತಿಳಿದು ಮೊದಲ ಬಾರಿಗೆ ಹೆದರಿದೆ. "ಆಸ್ಪತ್ರೆಗೆ ಸೇರಿಸ್ಬುಡಪ್ಪ," ಎಂದು ನಾನೇ ಹೇಳಿದೆ.

ವಾರ್ಡಿನಲ್ಲಿ ನರ್ಸ್ ಎದುರಿಗೇ ಮಾತ್ರೆ ನುಂಗಬೇಕಿತ್ತು, ಬಾಯಿ ತೆರೆದು ತೋರಿಸಬೇಕಿತ್ತು. ಮೊದಲು ಬಂದದ್ದು ಬರೀ ಮಂಪರು. ಕೆಲವು ವಾರಗಳ ಮೇಲೆ, ತಟ್ಟೆ ಎದುರಿಗಿದ್ದಾಗ ಬೈಯುತ್ತಿದ್ದ ಯೋಚನೆ ಪಕ್ಕದ ಕೋಣೆಗೆ ಹೋಗಿ ಬೈಯುವಂತಾಯಿತು. ನಿಲ್ಲಲಿಲ್ಲ, ದೂರವಾಯಿತು. ಆ ಸಂದಿನಲ್ಲಿ ಚಮಚದಷ್ಟು ಚಮಚದಷ್ಟು ಉಂಡೆ. ಹಸಿವು ಹಿಂತಿರುಗಿದಾಗ ಸಂತೋಷವಾಗಲಿಲ್ಲ. ಯಾರೋ ಮನೆಗೆ ನುಗ್ಗಿದಂತಿತ್ತು.

ಈಗ ಮನೆಗೆ ಬಂದಿದ್ದೇನೆ, ಮಾತ್ರೆ ನಿಂತಿದೆ. ಉಣ್ಣದೆ ನನ್ನ ಮೂಳೆಗಳು ಮುದುಕಿಯ ಮೂಳೆಗಳಂತೆ ಸವೆದಿವೆ, ಅಂಗಳದಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡೆ. ಅವ್ವನ ಅಂಗೈ ಪೂರ್ತಿ ಬಿಚ್ಚುವುದಿಲ್ಲ. ಶಾಲೆಯ ಕೆಲಸ ಬಿಟ್ಟಳು. ನಾನು ಉಣ್ಣುವಾಗ ಎದುರಿಗೆ ಕೂರುವುದನ್ನೂ ಬಿಟ್ಟಳು.

ಈಚೆಗೆ ಕುಂದೂರಿನ ಮದುವೆಯೊಂದರಲ್ಲಿ ಯಾರೋ, "ಈಗ ಮೈಕೈ ತುಂಬ್ಕಂಡಿದೀಯ ಬಿಡವ್ವ," ಎಂದರು. ಪ್ರೀತಿಯಿಂದಲೇ ಅಂದದ್ದು. ಎಲೆ ಮುಂದಿನಿಂದ ಎದ್ದು ಬಂದುಬಿಟ್ಟೆ. ಅವತ್ತೆಲ್ಲ ನೀರು ಬಿಟ್ಟು ಏನೂ ಇಳಿಯಲಿಲ್ಲ. ಮಾರನೆಯ ಬೆಳಿಗ್ಗೆ ಒಬ್ಬಳೇ ಅಡುಗೆಮನೆಯಲ್ಲಿ ಕೂತು, ಅಳುತ್ತಲೇ, ಒಂದು ರೊಟ್ಟಿ ತಿಂದೆ.